ನೀಲವ್ವ ಆಡದ ಮಾತು

ನೀಲವ್ವ ದೊಡ್ಡವ್ವ ಆ ಮಾತು ಆಡಿರಲಿಲ್ಲ. ಆಡಿದವನು ನಾನು — ಅವಳ ದನಿಯಲ್ಲಿ, ಅವಳ ಹಾಗೆಯೇ ಸೊಂಟಕ್ಕೆ ಕೈಯಿಟ್ಟು, ಅವಳ ಹಾಗೆಯೇ ಮೂಗು ಅರಳಿಸಿ. ಅದನ್ನು ಕೇಳಿದ ಒಬ್ಬ ಹೆಣ್ಣುಮಗಳು, ಮರುದಿನ ಸಂಚಕಾರದ ಮುಂಗಡ ಹಣ ಕೊಟ್ಟು ಗಟ್ಟಿ ಮಾಡಿಕೊಳ್ಳಬೇಕಿದ್ದ ಮನೆಯನ್ನು ಬಿಟ್ಟು ಹೋದರು. ತನ್ನಿಂದ ಏನು ತಪ್ಪಾಯಿತು ಎಂದು ತಿಳಿಯದೆಯೇ ನೀಲವ್ವ ಐದು ವರ್ಷ ಬದುಕಿ ತೀರಿಕೊಂಡಳು. ಎಲ್ಲ ತಿಳಿದಿದ್ದ ನಾನು ಅಷ್ಟೂ ವರ್ಷ ಗಿರಣಿಯಲ್ಲಿ ಅವಳದೇ ಜೋಳ ಬೀಸುತ್ತ ನಿಂತಿದ್ದೆ.

ವಿಷಯ ಇಷ್ಟೇ. ಇಲ್ಲಿಂದ ಮುಂದೆ ಬರೆಯುವುದೆಲ್ಲ ಅದು ಹೇಗಾಯಿತು ಎಂಬುದು ಮಾತ್ರ. ಓದುತ್ತ ಎಲ್ಲಾದರೂ ನಿಮಗೆ ನಗು ಬಂದರೆ ಸ್ವಲ್ಪ ತಡೆದುಕೊಳ್ಳಿ. ನಗಿಸುವುದು ನನ್ನ ಚಟ, ಬರೆಯುವಾಗಲೂ ಬಿಡುವುದಿಲ್ಲ.

ಹಾನಗಲ್ಲಿನ ಒಂದು ಹಳೆಯ ಓಣಿಯಲ್ಲಿ ನಮ್ಮ ಹಿಟ್ಟಿನ ಗಿರಣಿ. ಅಪ್ಪ ಹಾಕಿದ್ದು, ಈಗ ನಾನು ನಡೆಸುವುದು. ಮಂಜುನಾಥ ಎಂಬುದು ಆಧಾರ್ ಕಾರ್ಡಿನಲ್ಲಿರುವ ಹೆಸರು. ಓಣಿಯಲ್ಲಿ ನಾನು ಮಂಜ್ಯಾ. ಮೈತುಂಬ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು — ಇಪ್ಪತ್ತಮೂರಕ್ಕೇ ಮುದುಕನಾದವನು ಎಂದು ನನ್ನನ್ನು ನಾನೇ ಕರೆದುಕೊಳ್ಳುತ್ತಿದ್ದೆ. ಕನ್ಯೆ ನೋಡಲು ಹೋದಾಗ ಹುಡುಗಿಯ ಅಜ್ಜಿ ನನ್ನನ್ನು ನೋಡಿ, "ವರಾ ಎಲ್ಲಿ, ಅವರಪ್ಪನ್ನ ಕಳಿಸ್ಯಾರಲ್ಲ" ಎಂದಿದ್ದಳು. ಆ ಅಜ್ಜಿಯ ದನಿಯೂ ನನ್ನ ಪಟ್ಟಿಯಲ್ಲಿದೆ.

ದನಿ ತೆಗೆಯುವುದು ನನಗೆ ಸಣ್ಣವನಿದ್ದಾಗಿನಿಂದ ಬಂದದ್ದು. ಶಿಗ್ಗಾಂವಿಯ ಲಗ್ನಗಳಲ್ಲಿ, ಸವಣೂರಿನ ಶಾಲೆಗಳ ಗ್ಯಾದರಿಂಗುಗಳಲ್ಲಿ, ಹಾಡುವವರು ಚಹಾ ಕುಡಿದು ಬರುವಷ್ಟು ಹೊತ್ತು ನನ್ನನ್ನು ಮೈಕಿನ ಮುಂದೆ ದೂಡುತ್ತಿದ್ದರು. ಪುಢಾರಿಗಳು, ಮಾಸ್ತರರು, ಎಮ್ಮೆ, ಕೆಟ್ಟುಹೋದ ಬೋರ್‌ವೆಲ್ಲು — ಎಲ್ಲ ತೆಗೆಯುತ್ತಿದ್ದೆ. ಆದರೆ ನನ್ನ ಖರೇ ಸ್ಟೇಜು ಗಿರಣಿಯೇ. ಪಾಳಿಗೆ ಡಬ್ಬಿ ಇಟ್ಟು ಕೂತವರ ಮುಂದೆ, ಆಗಷ್ಟೇ ಹಿಟ್ಟು ಹೊತ್ತುಕೊಂಡು ಹೋದವರ ದನಿ ತೆಗೆದರೆ, ಮಂದಿ ಹೊಟ್ಟೆ ಹಿಡಿದು ನಗುತ್ತಿದ್ದರು. ಹೋದವರಿಗೆ ಗೊತ್ತಿರುತ್ತಿತ್ತು — ತಾವು ಮೂಲೆ ತಿರುಗಿದ ಕೂಡಲೇ ತಮ್ಮ ಪಾಳಿ ಬರುತ್ತದೆಂದು. ಯಾರೂ ಸಿಟ್ಟಾಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದು ನಾನು ತಿಳಿದಿದ್ದೆ.

ಎಲ್ಲರಿಗಿಂತ ಹೆಚ್ಚು ಬೇಡಿಕೆ ಇದ್ದದ್ದು ನೀಲವ್ವನ ದನಿಗೆ. ಗಿರಣಿಯಿಂದ ನಾಲ್ಕು ಮನೆ ಆಚೆ ಅವಳ ಮನೆ. ಜೋಳದ ಕಟಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಮಗಳನ್ನು ಓದಿಸಿ, ಲಗ್ನ ಮಾಡಿ ರಟ್ಟೀಹಳ್ಳಿಗೆ ಕೊಟ್ಟದ್ದು ಆ ರೊಟ್ಟಿಯಿಂದಲೇ. ವಾರಕ್ಕೆರಡು ಸಲ ಜೋಳ ತರುತ್ತಿದ್ದಳು, ಬಂದಾಗೊಮ್ಮೆ ಗಿರಣಿಗೆ ಬಯ್ಯುತ್ತಿದ್ದಳು.

"ಲೇ ಮಂಜ್ಯಾ, ಇದ ಹಿಟ್ಟೋ, ಉಪ್ಪಿಟ್ಟಿನ ರವಾನೋ? ನಿನ್ನ ಗಿರಣಿಗೆ ಹಲ್ಲ ಬಿದ್ದಾವೇನ?"

ನಾನು ಅದೇ ದನಿಯಲ್ಲಿ, ಅದೇ ರಾಗದಲ್ಲಿ ತಿರುಗಿಸಿ ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು. "ನನಕಿಂತ ಚಲೋ ನೀಲವ್ವ ಆಗ್ತಿ ನೀ. ನಾಳಿಂದ ರೊಟ್ಟೀನೂ ನೀನ ಬಡಿ," ಎನ್ನುತ್ತಿದ್ದಳು. ಒಬ್ಬರು ತಮ್ಮ ದನಿಯನ್ನು ಹೀಗೆ ನಂಬಿ ನಿಮ್ಮ ಕೈಗೆ ಕೊಟ್ಟರೆ — ಅದನ್ನು ಹೇಗೆ ಇಟ್ಟುಕೊಳ್ಳಬೇಕಿತ್ತು ಎಂದು ಈಗ ಯೋಚಿಸುತ್ತೇನೆ.

ಆರು ವರ್ಷದ ಹಿಂದೆ, ಶ್ರಾವಣ ಮುಗಿದ ಮೇಲಿನ ಒಂದು ಗುರುವಾರ, ಹೊಸ ಗಿರಾಕಿಯೊಬ್ಬರು ಜೋಳದ ಡಬ್ಬಿ ತಂದು ಪಾಳಿಗಿಟ್ಟರು. ಮೂವತ್ತೈದರ ಆಸುಪಾಸು. ಖಾಕಿ ಹಾಕಿರಲಿಲ್ಲ, ಆದರೂ ಕಂಡಕ್ಟರ್ ಎಂದು ನೋಡಿದ ಕೂಡಲೇ ತಿಳಿಯಿತು: ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಹಿಡಿದಿದ್ದರು, ಕಾಲು ಸ್ವಲ್ಪ ಅಗಲಿಸಿ, ನೆಲ ಓಡುತ್ತಿದೆಯೇನೋ ಎಂಬಂತೆ ನಿಂತಿದ್ದರು. ಹೆಸರು ಸುಜಾತಾ. ಆಡೂರಿನವರು, ಹಾನಗಲ್ ಡಿಪೋಕ್ಕೆ ಬದಲಿಯಾಗಿ ಬಂದು ಬಸ್‌ಸ್ಟ್ಯಾಂಡಿನ ಆಚೆ ಬಾಡಿಗೆಗೆ ಇದ್ದರು. ಅವರ ಮನೆಯ ಪಕ್ಕದಲ್ಲೇ ಒಂದು ಗಿರಣಿ ಇತ್ತು. ಅದನ್ನು ಬಿಟ್ಟು ಅಷ್ಟು ದೂರ ನಡೆದು ನಮ್ಮಲ್ಲಿಗೆ ಬಂದದ್ದು ಯಾಕೆ ಎಂದು ಮೊದಲ ವಾರ ನನಗೆ ಹೊಳೆಯಲಿಲ್ಲ.

ಎರಡನೆಯ ವಾರ ಹೊಳೆಯಿತು. ನಮ್ಮ ಕಡೆ ಮನೆ ಕೊಳ್ಳುವಾಗ ಕಾಗದಪತ್ರ ವಕೀಲರಿಗೆ ತೋರಿಸುತ್ತಾರೆ, ಗೋಡೆಯನ್ನು ಗೌಂಡಿಗೆ ತೋರಿಸುತ್ತಾರೆ. ಓಣಿಯನ್ನು ನೋಡಬೇಕಾದವರು ಮಾತ್ರ ಹೆಂಗಸರು. ಅದಕ್ಕೆ ಗಿರಣಿಯಂಥ ಜಾಗ ಇನ್ನೊಂದಿಲ್ಲ. ಡಬ್ಬಿ ಪಾಳಿಗಿಟ್ಟು ಅರ್ಧ ತಾಸು ಸುಮ್ಮನೆ ಕೂತರೆ ಸಾಕು — ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ, ಗಟಾರ ಎಲ್ಲಿ ಕಟ್ಟುತ್ತದೆ, ಯಾರ ಮನೆಯ ಗಂಡ ಕುಡಿಯುತ್ತಾನೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ತಾನಾಗಿ ಕಿವಿಗೆ ಬೀಳುತ್ತದೆ. ನೀಲವ್ವನ ಗೋಡೆಗೆ ಹತ್ತಿದ ಮನೆ ಆಗ ಖಾಲಿ ಇತ್ತು. ಅದರ ಮಾಲಕರಾದ ಒಬ್ಬ ನಿವೃತ್ತ ಮಾಸ್ತರರು ಮಗನ ಊರಿಗೆ ಹೋಗಿ, ಮನೆ ಮಾರಲು ಹೇಳಿಟ್ಟಿದ್ದರು.

ನಾನು ಸುಮ್ಮನಿರುವವನೇ?

"ಅಕ್ಕಾರ, ಜ್ವಾಳ ಬೀಸಾಕ ಬರ್ತೀರೋ, ನಮ್ಮ ಓಣಿ ಬೀಸಾಕೋ?"

"ಬೀಸೂದು ನಿನ್ನ ಕೆಲಸ ತಮ್ಮಾ. ನಾ ಜರಡಿ ಹಿಡೀಯಾಕ ಬಂದೇನಿ."

"ಜರಡ್ಯಾಗ ಯಾರ್ಯಾರು ಉಳದ್ರು?"

"ಸದ್ಯಕ ನೀ ಒಬ್ಬಾಂವ ಉಳದಿ. ಭಾಳ ದಪ್ಪ ಅದಿ."

ಪಾಳಿಯಲ್ಲಿದ್ದವರೆಲ್ಲ ನಕ್ಕರು. ನನ್ನನ್ನು ನನ್ನದೇ ಗಿರಣಿಯಲ್ಲಿ ಹೊಡೆದು ಹಾಕಿದವರು ಅವರೊಬ್ಬರೇ. ಅವತ್ತಿನಿಂದ ನನಗೆ ಅವರ ಮೇಲೆ ಒಂದು ಅಭಿಮಾನ — ಹಾಗೆ ಬರೆಯಲು ನನಗೆ ಈಗ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ.

ಅವರು ಓಣಿಯನ್ನು ನೋಡಿದ ರೀತಿ ನಾನು ಬೇರೆ ಯಾರಲ್ಲೂ ಕಂಡಿಲ್ಲ. ವಾರದ ರಜೆ ಗುರುವಾರ. ಒಂದು ಗುರುವಾರ ಬೆಳಿಗ್ಗೆ ಬಂದರು, ಒಂದು ಗುರುವಾರ ಮಧ್ಯಾಹ್ನ, ಒಂದು ಸಂಜೆ ಹೊತ್ತು ಮುಳುಗುವ ಮುಂಚೆ. ಮೊದಲ ಬಸ್ಸಿನ ಡ್ಯೂಟಿಗೆ ಡಿಪೋವರೆಗೆ ನಡೆದು ಹೋಗಲು ಎಷ್ಟು ಹೊತ್ತು ಬೇಕು ಎಂದು ನಡೆದು ನೋಡಿದರು. ಮಳೆ ಬಂದ ಮರುದಿನ ಬಂದು ಗಟಾರದ ಮುಂದೆ ಬಗ್ಗಿ ನಿಂತರು. ಮೂರನೆಯ ವಾರ, ಅವರ ಹಿಟ್ಟು ಬೀಳುತ್ತಿದ್ದಾಗ, ಯಾಕಿಷ್ಟು ಪರೀಕ್ಷೆ ಎಂದು ಕೇಳಿದೆ. ಆಗ ಹೇಳಿದ್ದು:

"ಸವಣೂರಾಗ ಇದ್ದಾಗ, ಬೀಗರು ಬರ್ತಾರು ಮನಿ ಬಿಡ್ರಿ ಅಂದ್ರು. ಶಿಗ್ಗಾಂವ್ಯಾಗ, ಸುಣ್ಣಾ ಹಚ್ಚಸ್ತೇವಿ ಬಿಡ್ರಿ ಅಂದ್ರು. ಬೀಗರೂ ಬರಲಿಲ್ಲ, ಸುಣ್ಣಾನೂ ಹಚ್ಚಲಿಲ್ಲ. ನಮ್ಮ ಮನ್ಯಾಗ ಬುದ್ಧನ ಫೋಟೊ ನೋಡಿದ ಮ್ಯಾಲನ ಈ ನೆಪ ಎಲ್ಲಾ. ಇನ್ನ ಯಾರೂ ಬಿಡ ಅನ್ನಬಾರ್ದು, ಅಂಥಾದೊಂದು ಮನಿ ಬೇಕು. ಮತ್ತ ನಮ್ಮವ್ವಗ ಕಟ್ಟಿ ಮ್ಯಾಲ ಕುಂದ್ರೂದಂದ್ರ ಭಾಳ ಸೇರತೈತಿ. ಬಾಡಿಗಿ ಮನ್ಯಾಗ ಕಟ್ಟಿ ಮಾಲಕರದು. ಅಕಿ ಹನ್ನೊಂದ ವರ್ಷಾತು, ಒಳಗ ಕುಂತಾಳ."

ಆ ಖಾಲಿ ಮನೆಗೆ ಕಟ್ಟೆ ಇತ್ತು. ನೀಲವ್ವನ ಮನೆಯದೂ ಅದರದೂ ಒಂದೇ ಕಟ್ಟೆ, ನಡುವೆ ಒಂದು ಗೀಟು ಕೂಡ ಇಲ್ಲ.

ಅದನ್ನು ಅವರು ಹೇಳುವಾಗ ನೀಲವ್ವ ಅಲ್ಲೇ ಇದ್ದಳು, ತನ್ನ ಹಿಟ್ಟಿನ ಚೀಲದ ಬಾಯಿ ಕಟ್ಟುತ್ತ. ಉಳಿದವರು ಕೇಳಿಯೂ ಕೇಳದ ಹಾಗೆ ಮೋಟರಿನ ಕಡೆ ನೋಡುತ್ತಿದ್ದರು. ನೀಲವ್ವನಿಗೆ ಆ ವಿದ್ಯೆ ಗೊತ್ತಿರಲಿಲ್ಲ.

"ಬುದ್ಧ ಅಂದ್ರ, ಕಣ್ಣ ಮುಚ್ಚಿ ಸುಮ್ನ ಕುಂತಿರ್ತಾನಲ್ಲಾ ಅವನ?" ಎಂದು ಕೇಳಿದಳು.

"ಹೌದ್ರಿ, ಅವರ."

"ಚಲೋ ಆತ ಬಿಡು. ಈ ಓಣ್ಯಾಗ ಸುಮ್ನ ಕುಂದ್ರಾವ್ರ ಒಬ್ಬರೂ ಇದ್ದಿದ್ದಿಲ್ಲ. ನಿಮ್ಮವ್ವನ್ನ ಕರಕೊಂಡ ಬಾ, ನನ್ನ ಮಾತ ಕೇಳಾಕ ಯಾರರ ಬೇಕು. ಡ್ಯೂಟಿಗೆ ಹೋಗುವಾಗ ಚಾವಿ ನನ್ನ ಕಡೆ ಒಗದ ಹೋಗು."

ಸುಜಾತಾ ಅಕ್ಕ ಅವತ್ತು ನಕ್ಕ ನಗು ಬೇರೆ ಥರ ಇತ್ತು. ನನ್ನ ಚೇಷ್ಟೆಗೆ ನಗುತ್ತಿದ್ದ ಹಾಗೆ ಅಲ್ಲ. ಮೆಲ್ಲಗೆ, ಕೆಳಗೆ ನೋಡಿಕೊಂಡು.

ನೀಲವ್ವ ಚೀಲ ಹೊತ್ತು ಹೋದಳು. ಸುಜಾತಾ ಅಕ್ಕನ ಹಿಟ್ಟೂ ಮುಗಿಯಿತು. ಡಬ್ಬಿ ಹೊತ್ತು ಅವರೂ ಹೋದರು. ಆಮೇಲೆ ನಡೆದದ್ದನ್ನು ಹೇಳಬೇಕು. ಗಿರಣಿಯಲ್ಲಿ ಒಬ್ಬರ ಕಾಳು ಮುಗಿದ ಮೇಲೆ ಕಲ್ಲಿನ ಸಂದಿಯಲ್ಲಿ ಅವರದೊಂದು ಹಿಡಿ ಹಿಟ್ಟು ಉಳಿದೇ ಉಳಿಯುತ್ತದೆ. ಅದು ಮುಂದಿನವರ ಹಿಟ್ಟಿನೊಡನೆ ಬರುತ್ತದೆ. ಓಣಿಯ ಎಲ್ಲ ಮನೆಯ ರೊಟ್ಟಿಯಲ್ಲೂ ಹೀಗೆ ಹಿಂದಿನ ಪಾಳಿಯವರದೊಂದು ಹಿಡಿ ಇದ್ದೇ ಇರುತ್ತದೆ. ಯಾರೂ ಅದನ್ನು ಎಣಿಸುವುದಿಲ್ಲ. ಅವತ್ತು ಮುಂದಿನ ಪಾಳಿಯವರು — ಹೆಸರು ಬೇಡ — "ನಂದ ಗಡಿಬಿಡಿ ಇಲ್ಲ, ಅವರದ ಹಾಕಪಾ" ಎಂದರು. ಅವರು ತೋರಿಸಿದವರು, "ನಂದೂ ಇರ್ಲಿ, ಹಿಂದ ಹಾಕು" ಎಂದರು. ಯಾರೂ ಬೇರೇನೂ ಅನ್ನಲಿಲ್ಲ. ನಾನು ಮೂಲೆಯಲ್ಲಿದ್ದ ಹೊಟ್ಟಿನ ಬುಟ್ಟಿಯಿಂದ ಎರಡು ಹಿಡಿ ತೆಗೆದು ಕಲ್ಲಿಗೆ ಹಾಕಿದೆ. ಹೊಟ್ಟು ಹಾದು ಕೆಳಗೆ ಬಿದ್ದಿತು. ಆಮೇಲೆ ಎಲ್ಲರಿಗೂ ಗಡಿಬಿಡಿ ಬಂತು.

ನಾನು ಅದಕ್ಕೂ ಒಂದು ಚೇಷ್ಟೆ ಮಾಡಿದೆ. "ಕಲ್ಲಿಗೆ ಜಳಕಾ ಮಾಡ್ಸಿದ್ನಿ" ಎಂದೆ. ನಕ್ಕರು.

ನಾನು ಒಳ್ಳೆಯವನು, ಜಾತಿಗೀತಿ ನೋಡುವವನಲ್ಲ ಎಂದು ಅವತ್ತಿನವರೆಗೆ ನಂಬಿದ್ದೆ. ಅವತ್ತೂ ನಂಬಿದ್ದೆ — ಅದೇ ವಿಚಿತ್ರ. ಕೈ ಬುಟ್ಟಿಗೆ ಹೋಗಿ ಬಂದದ್ದು ಕೈಗೆ ಮಾತ್ರ ಗೊತ್ತಾಯಿತೇನೋ.

ನಾಲ್ಕನೆಯ ಗುರುವಾರ. ಮಾಸ್ತರರು ಮರುದಿನ ಊರಿನಿಂದ ಬರುವವರಿದ್ದರು. ಶುಕ್ರವಾರ ಸಂಚಕಾರ ಎಂದು ಮಾತಾಗಿತ್ತು. ಸುಜಾತಾ ಅಕ್ಕ ಡಬ್ಬಿ ಪಾಳಿಗಿಟ್ಟು, "ಇನ್ನೊಮ್ಮಿ ಮನಿ ನೋಡಿ ಬರ್ತೇನಿ, ನನ್ನ ಪಾಳಿ ಬಂದ್ರ ಹಾಕು" ಎಂದು ಹೇಳಿ ಹೋದರು. ಅವರು ಹೋಗಿ ಹತ್ತು ನಿಮಿಷವಾಗಿರಬೇಕು, ಕರೆಂಟು ಹೋಯಿತು. ಮೋಟರು ನಿಂತು, ಪಟ್ಟಾ ಜೋತುಬಿದ್ದು, ಗಿರಣಿ ಒಮ್ಮೆಲೇ ಮೂಕವಾಯಿತು. ಏಳು ಜನ ಕೂತಿದ್ದರು.

"ಕರೆಂಟ್ ಬರೂತನಾ ಏನರ ತಗಿಯೋ ಮಂಜ್ಯಾ," ಎಂದರು ಒಬ್ಬರು. "ನೀಲವ್ವಗ ಹೊಸಾ ನೆರಿ ಬರ್ತಾರಂತಲ್ಲ. ಏನಂತಾಳು ಅಕಿ?"

ನೀಲವ್ವ ಏನಂದಿದ್ದಳು ಎಂದು ನನಗೆ ಗೊತ್ತಿತ್ತು. ಹೋದ ವಾರ ನನ್ನ ಕಣ್ಣ ಮುಂದೆಯೇ ಅಂದಿದ್ದಳು. ಅದನ್ನೇ ಅವಳ ದನಿಯಲ್ಲಿ ಹೇಳಬಹುದಿತ್ತು. ಆದರೆ ಅದಕ್ಕೆ ಅಲ್ಲಿ ನಗು ಬರುವುದಿಲ್ಲ — ಇದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ನಗಿಸುವವನಿಗೆ ಗೊತ್ತಾಗುತ್ತದೆ. ಕೂತವರ ಮುಖ ನೋಡಿದರೆ ಯಾವ ಮಾತಿಗೆ ನಗು ಕಾದು ಕೂತಿದೆ ಎಂದು ಗೊತ್ತಾಗುತ್ತದೆ.

ಎದ್ದು ನಿಂತೆ. ಹೆಗಲ ಮೇಲಿನ ಟವೆಲ್ಲು ತೆಗೆದು ತಲೆಗೆ ಸೆರಗಿನಂತೆ ಹೊದ್ದುಕೊಂಡೆ. ಸೊಂಟಕ್ಕೆ ಕೈ.

"ನನ್ನ ಗ್ವಾಡಿಗೆ ಹತ್ತಿ ಬರ್ತಾಳಂತ? ಬರ್ಲಿ, ಬರ್ಲಿ. ನಡುವ ಇನ್ನೊಂದ ಗ್ವಾಡಿ ಎಬ್ಬಸ್ತೇನಿ, ಮುಗಲ ಮುಟ್ಟೂವಷ್ಟು. ಅಕಿ ಒಲಿ ಹೊಗಿ ನನ್ನ ರೊಟ್ಟಿಗೆ ಹತ್ತಬಾರ್ದು. ಇಲ್ಲಾಂದ್ರ ನನ್ನ ರೊಟ್ಟಿ ಯಾರ್ ತಗೋತಾರು, ನೀ ತಗೋತೀಯೇನೋ ಮಂಜ್ಯಾ?"

ನಗು ಬಿದ್ದಿತು. ಎಂಥ ನಗು — ಶಿಗ್ಗಾಂವಿಯ ಲಗ್ನದಲ್ಲೂ ನನಗೆ ಅಂಥ ನಗು ಸಿಕ್ಕಿರಲಿಲ್ಲ. ಒಬ್ಬರು ತೊಡೆ ತಟ್ಟಿಕೊಂಡರು. ಒಬ್ಬರಿಗೆ ಕೆಮ್ಮು ಬಂತು. ನಾನು ಟವೆಲ್ಲು ತೆಗೆದು, ಸ್ಟೇಜಿನ ಮೇಲೆ ಮಾಡುವ ಹಾಗೆ ಬಗ್ಗಿ ನಮಸ್ಕಾರ ಮಾಡಿದೆ. ತಲೆ ಎತ್ತಿದಾಗ ಬಾಗಿಲಲ್ಲಿ ಸುಜಾತಾ ಅಕ್ಕ ನಿಂತಿದ್ದರು.

ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಗು ಒಂದೊಂದಾಗಿ ಆರಿತು. ಅವರು ಒಳಗೆ ಬಂದು ಪಾಳಿಯಿಂದ ತಮ್ಮ ಡಬ್ಬಿ ಎತ್ತಿಕೊಂಡರು.

"ಕರೆಂಟ್ ಈಗ ಬರತೈತ್ರಿ ಅಕ್ಕಾರ," ಎಂದೆ.

"ಇರ್ಲಿ," ಎಂದರು. ಬೀಸದ ಜೋಳವನ್ನು ಹಾಗೆಯೇ ಹೊತ್ತುಕೊಂಡು ಹೋದರು.

ನಾನು ಮಾಡಿದ ತಪ್ಪು ಯಾವುದು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಮಾತಾಡಿದ್ದು ಒಂದು. ಆದರೆ ಅವರು ಡಬ್ಬಿ ಹೊತ್ತು ಗಿರಣಿಯ ಮೆಟ್ಟಿಲು ಇಳಿದು, ಓಣಿಯ ಮೂಲೆ ಮುಟ್ಟುವವರೆಗೆ ನನಗೆ ಸಮಯವಿತ್ತು. ಓಡಿಹೋಗಿ, ಅಕ್ಕಾರ, ಅದು ನೀಲವ್ವನ ಮಾತಲ್ಲ, ನನ್ನ ಹಲ್ಕಾತನ — ಅಷ್ಟು ಹೇಳಿದ್ದರೆ... ಓಡಲಿಲ್ಲ. ಏಳು ಜನ ನೋಡುತ್ತಿದ್ದರು. ಏಳು ಜನರೆದುರು ಒಬ್ಬ ಕಂಡಕ್ಟರಮ್ಮನ ಹಿಂದೆ ಓಡಿದರೆ ನಾನೇ ನಗೆಪಾಟಲಾಗುತ್ತೇನೆ ಎನ್ನಿಸಿತು. ಎಲ್ಲರನ್ನೂ ನಗೆಪಾಟಲು ಮಾಡಿದವನಿಗೆ ಆ ಹೆದರಿಕೆ.

ಶುಕ್ರವಾರ ಅವರು ಬರಲಿಲ್ಲ. ಮಾಸ್ತರರು ಬಂದು ಕಾದರು. ನೀಲವ್ವ ಕಟ್ಟೆಯ ಆ ಅರ್ಧವನ್ನೂ ತೊಳೆದು, ಚಹಾ ಕಾಸಿ ಇಟ್ಟಿದ್ದಳು. ಮಧ್ಯಾಹ್ನ ಮಾಸ್ತರರಿಗೆ ಫೋನು ಬಂತಂತೆ — ಮನೆ ಬೇಡ, ತಪ್ಪು ತಿಳಿಯಬೇಡಿರಿ. ಕಾರಣ ಹೇಳಲಿಲ್ಲವಂತೆ. ಎರಡು ತಿಂಗಳೊಳಗೆ ಬದಲಿ ಕೇಳಿಕೊಂಡು ಅವರು ಹಿರೇಕೆರೂರಿಗೆ ಹೋದರು. ಮನೆಯನ್ನು ಸಿಮೆಂಟಿನ ವ್ಯಾಪಾರಿಯೊಬ್ಬರು ಕೊಂಡು ಗೋದಾಮು ಮಾಡಿದರು. ಚೀಲ ಇಳಿಸುವ ದಿನ ಬೂದು ಧೂಳು ನೀಲವ್ವನ ರೊಟ್ಟಿಯ ಮೇಲೆ ಕೂರುತ್ತಿತ್ತು. ಒಣ ಹಾಕಿದ ರೊಟ್ಟಿಗಳನ್ನು ಅವಳು ಹಿತ್ತಲಿಗೆ ಒಯ್ದಳು, ಆಮೇಲೆ ಒಳಗೆ, ಆಮೇಲೆ ಅರ್ಧ ಕಡಿಮೆ ಮಾಡಿದಳು.

"ಆ ಹುಡುಗಿ ಯಾಕ ಬರ್ಲಿಲ್ಲೋ ಮಂಜ್ಯಾ?" ಎಂದು ಕೇಳುತ್ತಿದ್ದಳು.

"ಯಾರಿಗ್ಗೊತ್ತು ದೊಡ್ಡವ್ವಾ," ಎನ್ನುತ್ತಿದ್ದೆ.

ಒಂದು ವರ್ಷ ಕಳೆದಿರಬೇಕು. ನೀಲವ್ವ ತಿಳವಳ್ಳಿಗೆ ತಂಗಿಯ ಮನೆಗೆ ಹೋಗಿ ಬಂದವಳು, ಜೋಳದ ಚೀಲ ಇಳಿಸಿ ಗಿರಣಿಯ ಹಲಗೆಯ ಮೇಲೆ ಸುಮ್ಮನೆ ಕೂತಳು. ಗಿರಣಿಗೆ ಬಯ್ಯಲಿಲ್ಲ. ಮೈಗೆ ಸರಿ ಇಲ್ಲವೇ ಎಂದು ಕೇಳಿದೆ.

"ಬಸ್ಸಿನ್ಯಾಗ ಅಕೀನ ಇದ್ಲೋ," ಎಂದಳು. "ಕಂಡಕ್ಟರ್ ಹುಡುಗಿ. ನಾ ಮಾತಾಡ್ಸಿದ್ನಿ. ನನ್ನ ಮಾರೀನ ನೋಡ್ಲಿಲ್ಲ. ಟಿಕೇಟ ಹರದ ಕೊಟ್ಲು, ಮುಂದ ಹೋದ್ಲು." ಚೀಲದ ಬಾಯಿ ಬಿಚ್ಚುತ್ತ, "ನಾ ಏನರ ಅಂದಿದ್ನೇನೋ ಅಕಿಗೆ? ನನ್ನ ನಾಲಿಗಿ ಸುಮಾರ ಐತಿ, ನನಗ್ಗೊತ್ತೈತಿ. ಆದ್ರ ನೆನಪಾಗವಲ್ದು. ನೀ ಇದ್ದಿಯಲ್ಲಾ ಅವತ್ತ ಗಿರಣ್ಯಾಗ. ಏನಂದಿದ್ನೋ ನಾ?"

ತನ್ನ ನಾಲಿಗೆಯ ಮೇಲೆ ಅವಳು ಹುಡುಕುತ್ತಿದ್ದಳು — ಅಲ್ಲಿ ಇಲ್ಲದ ಮಾತಿಗಾಗಿ. ಅದು ನನ್ನ ಬಾಯಿಯಲ್ಲಿತ್ತು.

"ಏನೂ ಅಂದಿಲ್ಲ ಬಿಡ ದೊಡ್ಡವ್ವಾ. ಅವರಿಗೆ ನೌಕರಿ ಸೊಕ್ಕು," ಎಂದೆ.

ಇದನ್ನು ಬರೆಯಬಾರದೆಂದು ಎರಡು ಸಲ ಅಳಿಸಿದೆ. ಮತ್ತೆ ಬರೆದಿದ್ದೇನೆ. ಹೌದು, ಹಾಗೆ ಅಂದೆ. ಒಬ್ಬರ ದನಿ ಕದ್ದದ್ದು ಸಾಲದೆ, ಇನ್ನೊಬ್ಬರ ಮೇಲೆ ಇಲ್ಲದ ಸೊಕ್ಕನ್ನು ಹೊರಿಸಿದೆ. ನೀಲವ್ವ ಅದನ್ನು ಒಪ್ಪಲಿಲ್ಲ. ತಲೆ ಅಲ್ಲಾಡಿಸಿ, "ಇಲ್ಲೋ, ಅಕಿ ಹಂಥಾಕೆಲ್ಲ. ನಾನ ಏನೋ ಅಂದೇನಿ," ಎಂದಳು. ಆಮೇಲೆ ಅವಳು ಮಾತು ಕಡಿಮೆ ಮಾಡಿದಳು. ಮಂದಿ ವಯಸ್ಸಾಯಿತು ಎಂದರು. ನಾನೂ ಹೌದೆಂದೆ.

ಹೋದ ವರ್ಷ ಅವಳು ತೀರಿಕೊಂಡಳು. ಮೂರು ದಿನದ ಜ್ವರ, ಅಷ್ಟೇ. ದಿನಕರ್ಮ ಮುಗಿದ ಸಂಜೆ ಓಣಿಯವರು ನಾಲ್ಕು ಜನ ಆ ಕಟ್ಟೆಯ ಮೇಲೆ ಕೂತಿದ್ದೆವು. ನೀಲವ್ವನ ಮಗಳು ಒಳಗಿನಿಂದ ಬಂದು ನನ್ನ ಮುಂದೆ ಕೂತಳು. ಅತ್ತು ಅತ್ತು ಅವಳ ಮುಖ ಬಾತಿತ್ತು.

"ಮಂಜಣ್ಣಾ, ಒಂದ ಸಲ ಅವ್ವನ ದನಿ ತಗೀತೀಯೇನ? ಫೋನಿನ್ಯಾಗ ಅಕಿ ಮಾತಾಡಿದ್ದು ಒಂದೂ ಇಟಗೊಂಡಿಲ್ಲ ನಾ. ಕೇಳಬೇಕನಸತೈತಿ."

ಜೀವನದಲ್ಲಿ ಮೊದಲ ಸಲ ಯಾರೋ ನನ್ನಿಂದ, ನಗುವುದಕ್ಕಲ್ಲದೆ, ಒಂದು ದನಿ ಕೇಳಿದ್ದರು. ಬಾಯಿ ತೆರೆದೆ. ನೀಲವ್ವನ ನೂರು ಮಾತು ನನಗೆ ಬಾಯಿಪಾಠ — ಹಿಟ್ಟೋ ರವಾನೋ, ನಾಳಿಂದ ನೀನ ಬಡಿ. ಒಂದೂ ಬರಲಿಲ್ಲ. ಗಂಟಲಲ್ಲಿ ಎದ್ದು ಬಂದದ್ದು ಒಂದೇ — ಅವಳು ಆಡದೇ ಇದ್ದ ಆ ಮಾತು. ಅದನ್ನು ನುಂಗಿದೆ. "ಬರವಲ್ದವ್ವಾ" ಎಂದು ಎದ್ದು ಬಂದೆ. ಅವಳು ನನ್ನ ದುಃಖ ದೊಡ್ಡದೆಂದು ತಿಳಿದಳು. ಎಲ್ಲರಿಗೂ ಹೇಳಿದಳಂತೆ, ಮಂಜಣ್ಣನ ಗಂಟಲ ಕಟ್ಟಿ ಬಂತು ಎಂದು.

ಅವತ್ತಿನಿಂದ ನಾನು ದನಿ ತೆಗೆದಿಲ್ಲ. ಇದನ್ನು ಪ್ರಾಯಶ್ಚಿತ್ತ ಎಂದು ಹೇಳುತ್ತಿಲ್ಲ, ಬರುತ್ತಿಲ್ಲ, ಅಷ್ಟೇ.

ನೀಲವ್ವನಿಗೆ ಹೇಳುವ ದಾರಿ ಮುಚ್ಚಿಹೋಗಿತ್ತು. ಉಳಿದವರು ಒಬ್ಬರು. ಒಂದು ದಿನ ಗಿರಣಿಗೆ ಬೀಗ ಹಾಕಿ ಹಿರೇಕೆರೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ತಾಲೀಮು ಮಾಡಿದೆ — ನೋಡಿ, ತಪ್ಪೊಪ್ಪಿಗೆಗೂ ತಾಲೀಮು. ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿದಾಗ ಒಬ್ಬ ಡ್ರೈವರು, ಆಚೆ ಬದಿ ನಿಂತಿದ್ದ ಖಾಲಿ ಬಸ್ಸಿನ ಕಡೆ ಕೈ ತೋರಿಸಿದ. ಸುಜಾತಾ ಅಕ್ಕ ಕಂಡಕ್ಟರಿನ ಸೀಟಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದ್ದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ಗಿರಣಿ ತಮ್ಮ ಅಲ್ಲೇನ? ಹುಬ್ಬ ಕರ್ರಗದಾವು, ಗುರತ ಹತ್ತಲಿಲ್ಲ," ಎಂದರು. ಕೂರಲು ಹೇಳಿದರು.

ನೀಲವ್ವ ಹೋದ ಸುದ್ದಿ ಹೇಳಿದೆ. ಕೈಯಲ್ಲಿದ್ದ ತುತ್ತು ಡಬ್ಬಿಗೆ ಇಳಿಯಿತು.

ಆಮೇಲೆ ಮಿಕ್ಕದ್ದು ಹೇಳಿದೆ. ತಾಲೀಮು ಮಾಡಿದ್ದೆಲ್ಲ ಮರೆತು, ತೊದಲುತ್ತ ಹೇಳಿದೆ: ಆ ಮಾತು ನೀಲವ್ವ ಅಂದದ್ದಲ್ಲ, ನಾನು ಕಟ್ಟಿದ್ದು, ನಿಮ್ಮ ಮುಂದೆ ಒಂದು, ಹಿಂದೆ ಒಂದು ಆಡುವವಳಾಗಿರಲಿಲ್ಲ ಅವಳು, ಆ ಶುಕ್ರವಾರ ಕಟ್ಟೆ ತೊಳೆದು, ಚಹಾ ಕಾಸಿ ನಿಮ್ಮ ದಾರಿ ನೋಡಿದಳು, ಬಸ್ಸಿನಲ್ಲಿ ನೀವು ಮುಖ ನೋಡದೇ ಹೋದದ್ದಕ್ಕೆ, ತಾನೇ ಏನೋ ಅಂದಿರಬೇಕೆಂದು ಸಾಯುವವರೆಗೆ ನೆನಪು ಮಾಡಿಕೊಳ್ಳುತ್ತಿದ್ದಳು.

ಅವರು ಡಬ್ಬಿಯ ಮುಚ್ಚಳ ಹಾಕಿದರು.

"ನೀಲವ್ವಾರು ಅಂದಿಲ್ಲಂತ ನನಗ ಅವತ್ತ ಗೊತ್ತಿತ್ತಲ್ಲೋ. ಬಾಗಲದಾಗ ನಿಂತು ನೀ ಟವೆಲ್ಲ ಹೊತಗೊಂಡಿದ್ದು ಕಣ್ಣಾರೆ ನೋಡೇನಿ."

ಈ ಉತ್ತರ ನನ್ನ ತಾಲೀಮಿನಲ್ಲಿ ಇರಲಿಲ್ಲ.

"ಹಂಗಾದ್ರ ಬಸ್ಸಿನ್ಯಾಗ ಅವರ ಮಾರಿ ಯಾಕ ನೋಡ್ಲಿಲ್ರಿ ಅಕ್ಕಾರ?"

ಅವರು ಕಿಟಕಿಯ ಹೊರಗೆ ನೋಡಿದರು. "ನೋಡಿದ್ರ ಮತ್ತ ಆ ಮನಿ ಬೇಕನಸ್ತಿತ್ತು," ಎಂದರು. ಡಬ್ಬಿಯನ್ನು ಚೀಲಕ್ಕೆ ಇಳಿಸುತ್ತ, "ನೋಡಬೇಕಾಗಿತ್ತು. ಅದು ನನ್ನ ತಪ್ಪು. ಅವರಿಗೆ ಇನ್ನ ಹೇಳಾಕ ಬರಂಗಿಲ್ಲ," ಎಂದರು.

ಮನೆ ಆಯಿತೇ ಎಂದು ಕೇಳಿದೆ. ಆಯಿತು ಎಂದರು — ಊರ ಹೊರಗೆ ಹೊಸ ಪ್ಲಾಟಿನಲ್ಲಿ, ಸುತ್ತ ಇನ್ನೂ ಗೋವಿನಜೋಳದ ಹೊಲ. ಅವ್ವ ಕಟ್ಟೆಯ ಮೇಲೆ ಕೂರುತ್ತಾಳೆ; ಮಾತಾಡಲು ಮಂದಿ ಇಲ್ಲ. "ಈ ಸಲ ಯಾರ್ನೂ ಏನೂ ಕೇಳಾಕ ಹೋಗಲಿಲ್ಲ. ಕೇಳಾಕ ನೆರೀನ ಇಲ್ಲದ ಕಡೆ ತಗೊಂಡ್ನಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ.

ಡ್ರೈವರು ಬಂದು ತನ್ನ ಕಡೆಯ ಬಾಗಿಲು ಎಳೆದುಕೊಂಡ. ಮಂದಿ ಹತ್ತತೊಡಗಿದರು. ನಾನು ಎದ್ದೆ. ಹೇಗಾದರೂ ಒಂದು ಮಾತು ಬೇಕಿತ್ತು ನನಗೆ — ಬಯ್ಗುಳವೋ, ಕ್ಷಮೆಯೋ, ಯಾವುದಾದರೂ.

"ನನ್ನ ಒಂದು ಮಾತಿನಿಂದ ನಿಮ್ಮ ಮನಿ ಹೋತ್ರಿ ಅಕ್ಕಾರ," ಎಂದೆ.

ಅವರು ಚೀಲ ಹೆಗಲಿಗೆ ಹಾಕಿಕೊಂಡು, ಟಿಕೇಟಿನ ಮಷೀನು ಕೈಗೆ ತೆಗೆದುಕೊಂಡು, ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು.

"ನಿನ್ನ ಮಾತಿನಿಂದ ಅಲ್ಲೋ ತಮ್ಮಾ. ಕರೆಂಟ್ ಹೋಗಿ ಗಿರಣಿ ಬಂದ್ ಇತ್ತು, ಯಾರ್ಯಾರು ನಕ್ರು ಅಂತ ಚಂದಂಗ ಕೇಳಿಸ್ತು. ನಾ ಓಣಿ ನೋಡೂದು ಅಲ್ಲಿಗೆ ಮುಗೀತು."